ಕೈಟ್ ಕನೆಕ್ಟ್ ವಿಮರ್ಶೆ: ಬಾಟ್ ಚುರುಕಾಗಿದೆ ಸರಿ, ಇವತ್ತು ಮಾರುಕಟ್ಟೆ ಇದೆಯೋ ಇಲ್ಲವೋ ಅಂತ ಅದಕ್ಕೆ ಹೇಳೋರು ಯಾರು?

ಬೆಂಗಳೂರಿನ ಷೇರು ದಲ್ಲಾಳಿ ಕಂಪನಿ ಝೆರೋಧಾ ಕೊಡುವ ಕೈಟ್ ಕನೆಕ್ಟ್ ಎಪಿಐ (ನಮ್ಮ ಪ್ರೋಗ್ರಾಮು ಅವರ ವ್ಯವಸ್ಥೆಯೊಡನೆ ನೇರ ಮಾತಾಡುವ ದಾರಿ) ಮೇಲೆ ಸ್ವಂತ ಬಾಟ್, ಅಂದರೆ ತಾನಾಗಿ ಕೊಂಡು ಮಾರುವ ಪ್ರೋಗ್ರಾಮು, ಓಡಿಸುವ ಕನ್ನಡಿಗರು ಮುಂಬಯಿಯಲ್ಲಿ, ಡೊಂಬಿವಲಿಯಿಂದ ಮಾಟುಂಗದವರೆಗೆ, ಈಗ ಕಡಿಮೆಯೇನಿಲ್ಲ. ಇದರ ವೇಗ, ದರ, ದಾಖಲೆಯ ಅಚ್ಚುಕಟ್ಟು ಇವನ್ನೆಲ್ಲ ಹೊಗಳುವ ಬರಹಗಳು ಬೇಕಾದಷ್ಟಿವೆ, ಆ ಹೊಗಳಿಕೆ ನ್ಯಾಯವೂ ಹೌದು. ಆರ್ಡರ್ ಹಾಕುವ ಎಪಿಐ ಪುಕ್ಕಟೆ, ಲೈವ್ ಟಿಕ್ (ಕ್ಷಣಕ್ಷಣದ ಬೆಲೆ) ಮತ್ತು ಹಳೆಯ ಕ್ಯಾಂಡಲ್ (ಒಂದು ಅವಧಿಯ ಆರಂಭ, ಗರಿಷ್ಠ, ಕನಿಷ್ಠ, ಕೊನೆಯ ಬೆಲೆ) ಬೇಕೆಂದರೆ ತಿಂಗಳಿಗೆ 500 ರೂಪಾಯಿ. ಈ ದರಕ್ಕೆ ತಕರಾರು ತೆಗೆಯುವಂತಿಲ್ಲ. ಇಲ್ಲಿ ನೋಡುತ್ತಿರುವುದು ಒಂದೇ ಸಂಗತಿ: ಮಾರುಕಟ್ಟೆ ತೆರೆಯುವ, ಮುಚ್ಚುವ, ನಡುವೆ ನಿಲ್ಲುವ ಹೊತ್ತುಗಳ ಜೊತೆ ಈ ಸೇವೆ ಎಷ್ಟು ಹೊಂದಿಕೊಳ್ಳುತ್ತದೆ ಎಂಬುದು. ಬಾಟ್ ದುಡ್ಡು ಕಳೆದಾಗ ಎಲ್ಲರೂ ಸ್ಟ್ರಾಟಜಿಯನ್ನು ಬೈಯುತ್ತಾರೆ. ಲಾಗ್ (ಬಾಟ್ ಮಾಡಿದ್ದರ ದಾಖಲೆ) ಬಿಚ್ಚಿ ನೋಡಿದರೆ ಎಷ್ಟೋ ಸಲ ತಪ್ಪು ಗಡಿಯಾರದ್ದೇ ಆಗಿರುತ್ತದೆ.

ದಿನ ಶುರುವಾಗುವುದು ಟೋಕನ್‌ನಿಂದ, ಅಂದರೆ ಬಾಟ್‌ಗೆ ಸಿಗುವ ಆ ದಿನದ ಪ್ರವೇಶ ಚೀಟಿಯಿಂದ. ಒಮ್ಮೆ ಲಾಗಿನ್ ಆದರೆ ಸಿಗುವ ಆಕ್ಸೆಸ್ ಟೋಕನ್ ಮಾರನೆಯ ಬೆಳಿಗ್ಗೆ 6ರವರೆಗೆ ನಡೆಯುತ್ತದೆ ಎಂದು ದಾಖಲೆಯಲ್ಲಿದೆ. ಹಳೆಯ ಟೋಕನ್‌ಗಳನ್ನು ಗುಡಿಸಿ ಹಾಕುವ ಕೆಲಸ ಬೆಳಗಿನ ಹೊತ್ತು ನಡೆಯುವುದರಿಂದ 7:30 ದಾಟಿದ ಮೇಲೆ ಲಾಗಿನ್ ಆಗುವುದು ಕ್ಷೇಮ. ಬೇಗ ಎದ್ದು 5:45ಕ್ಕೇ ಲಾಗಿನ್ ಮುಗಿಸಿದರೆ 9:15ರ ಹೊತ್ತಿಗೆ ಆ ಟೋಕನ್ ಸತ್ತಿರುತ್ತದೆ, ಮೊದಲ ಆರ್ಡರ್‌ಗೇ 403 (ಪ್ರವೇಶವಿಲ್ಲ ಎಂಬ ದೋಷಸಂಖ್ಯೆ) ಬರುತ್ತದೆ. ಆದ್ದರಿಂದ ಟೋಕನ್ ಫೈಲ್ ಇದೆಯೇ ಎಂದಷ್ಟೇ ನೋಡುವ ಬಾಟ್ ಬರೆಯಬೇಡಿ. 8:45ಕ್ಕೆ ಒಮ್ಮೆ ಖಾತೆಯ ವಿವರ ಕೇಳುವ ಪ್ರೊಫೈಲ್ ಕರೆ ಮಾಡಿಸಿ, ಉತ್ತರ ಬಾರದಿದ್ದರೆ ಫೋನಿಗೆ ಸಂದೇಶ ಬರುವಂತೆ ಇಡಿ.

ಲಾಗಿನ್ ಕ್ರಮ ಸರಳ. ಬ್ರೌಸರಿನಲ್ಲಿ ಪಾಸ್‌ವರ್ಡ್ ಮತ್ತು ಟಿಒಟಿಪಿ (ಆಗಾಗ ಬದಲಾಗುವ ಆರು ಅಂಕಿಯ ಗುಟ್ಟಿನ ಸಂಖ್ಯೆ) ಕೊಟ್ಟರೆ, ನೀವು ನೋಂದಾಯಿಸಿದ ವೆಬ್ ವಿಳಾಸಕ್ಕೆ ರಿಕ್ವೆಸ್ಟ್ ಟೋಕನ್ ಬರುತ್ತದೆ. ಅದರ ಆಯಸ್ಸು ಕೆಲವೇ ನಿಮಿಷ. ಎಪಿಐ ಕೀ, ರಿಕ್ವೆಸ್ಟ್ ಟೋಕನ್, ಸೀಕ್ರೆಟ್ (ಎಪಿಐನ ಗುಟ್ಟಿನ ಕೀ) ಮೂರನ್ನೂ ಇದೇ ಅನುಕ್ರಮದಲ್ಲಿ ಜೋಡಿಸಿ, ಶಾ-256 ಹ್ಯಾಶ್ (ಹಿಂದಕ್ಕೆ ಬಿಡಿಸಲಾಗದ ಸಂಕೇತ) ಮಾಡಿ ಕಳಿಸಿದರೆ ಆಕ್ಸೆಸ್ ಟೋಕನ್ ಸಿಗುತ್ತದೆ. ಟಿಒಟಿಪಿಯನ್ನೂ ಸ್ಕ್ರಿಪ್ಟ್‌ಗೆ ತುರುಕಿ ಕೈಬಿಟ್ಟು ಕೂರುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ದಿನಕ್ಕೊಮ್ಮೆಯಾದರೂ ಕೈಯಾರೆ ಲಾಗಿನ್ ಆಗಬೇಕೆಂಬುದು ಎಕ್ಸ್‌ಚೇಂಜ್‌ನ ಕಟ್ಟಳೆ, ಅದನ್ನು ಝೆರೋಧಾ ಮುಚ್ಚಿಟ್ಟಿಲ್ಲ. ಕಲ್ಯಾಣ, ಡೊಂಬಿವಲಿಯಿಂದ ಫೋರ್ಟ್‌ಗೋ ಬಿಕೆಸಿಗೋ ಹೋಗುವವರಿಗೆ 7:30ರಿಂದ 9ರ ಹೊತ್ತು ಲೋಕಲ್ ಟ್ರೈನಿನ ಹೊತ್ತು. ನೋಂದಾಯಿಸಿದ ವಿಳಾಸ 127.0.0.1 (ಅಂದರೆ ಲಾಗಿನ್ ಆದ ಯಂತ್ರವೇ) ಆಗಿದ್ದರೆ ಫೋನಿನಲ್ಲಿ ಲಾಗಿನ್ ಆಗಿಯೂ ಉಪಯೋಗವಿಲ್ಲ. ಟೋಕನ್ ಫೋನಿಗೇ ಬಂದು ಅಲ್ಲೇ ಸಾಯುತ್ತದೆ. ಆ ವಿಳಾಸ ನಿಮ್ಮ ಸರ್ವರ್‌ನದ್ದಾಗಿರಬೇಕು. ಆಗ ಪ್ಲಾಟ್‌ಫಾರ್ಮಿನಲ್ಲಿ ನಿಂತು ಆರು ಅಂಕಿ ಒತ್ತಿದರೂ ಟೋಕನ್ ಸರ್ವರ್‌ಗೆ ಹೋಗಿ ಕೂರುತ್ತದೆ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿ 2025ರ ಫೆಬ್ರವರಿ 4ರಂದು ಹೊರಡಿಸಿದ ಸುತ್ತೋಲೆಯ ನಂತರದ ವ್ಯವಸ್ಥೆಯಲ್ಲಿ ಆರ್ಡರ್‌ಗಳು ನೋಂದಾಯಿತ ಸ್ಥಿರ ಐಪಿಯಿಂದಲೇ, ಅಂದರೆ ಬದಲಾಗದ ಇಂಟರ್ನೆಟ್ ವಿಳಾಸದಿಂದಲೇ, ಹೊರಡಬೇಕು. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಓಡಿಸುವ ಕಾಲ ಹೇಗೂ ಮುಗಿಯಿತು, ಬಾಡಿಗೆಗೆ ಸಿಗುವ ಕ್ಲೌಡ್ ಯಂತ್ರವೇ ಅನುಕೂಲ.

ಆ ಯಂತ್ರದಲ್ಲಿ ಒಂದು ಹೊಂಡವಿದೆ, ಹೊಸಬರು ಬೀಳುವುದು ಇಲ್ಲೇ. ಅಮೆಜಾನ್‌ನ ಮುಂಬಯಿ ರೀಜನ್‌ನಲ್ಲಿ ಯಂತ್ರ ತೆಗೆದುಕೊಂಡ ಮಾತ್ರಕ್ಕೆ ಅದರ ಗಡಿಯಾರ ಮುಂಬಯಿಯದ್ದಾಗುವುದಿಲ್ಲ. ಲಿನಕ್ಸ್ ಅಲ್ಲಿ ಯುಟಿಸಿಯಲ್ಲೇ (ನಮಗಿಂತ ಐದೂವರೆ ಗಂಟೆ ಹಿಂದಿರುವ ವಿಶ್ವ ಸಮಯ) ಏಳುತ್ತದೆ. ನಮ್ಮ 9:15 ಅದಕ್ಕೆ 3:45, ನಮ್ಮ ಮಧ್ಯಾಹ್ನ 3:30 ಅದಕ್ಕೆ 10:00. ಇಷ್ಟನ್ನು ಲೆಕ್ಕ ಹಾಕಿ ಕ್ರಾನ್ (ಗೊತ್ತುಪಡಿಸಿದ ಹೊತ್ತಿಗೆ ಪ್ರೋಗ್ರಾಮು ಎಬ್ಬಿಸುವ ಲಿನಕ್ಸ್ ಸೇವೆ) ಬರೆಯುವವರೂ ವಾರದ ಅಂಕಣದಲ್ಲಿ ಎಡವುತ್ತಾರೆ. ಸೋಮವಾರ ಬೆಳಿಗ್ಗೆ 5:15ಕ್ಕೆ ಹಳೆಯ ಲಾಗ್ ತೆಗೆದು ಡೇಟಾಬೇಸ್ ಸಿದ್ಧಪಡಿಸುವ ಕೆಲಸ ಇಟ್ಟಿದ್ದೀರಿ ಎನ್ನಿ. ಯುಟಿಸಿಯಲ್ಲಿ ಅದು ಭಾನುವಾರ ರಾತ್ರಿ 23:45. ವಾರದ ಅಂಕಣದಲ್ಲಿ 1-5 (ಸೋಮವಾರದಿಂದ ಶುಕ್ರವಾರ) ಎಂದು ಬರೆದಿದ್ದರೆ ಸೋಮವಾರ ಅದು ಓಡುವುದೇ ಇಲ್ಲ, ಬದಲಿಗೆ ಶನಿವಾರ ಸುಮ್ಮನೆ ಓಡುತ್ತದೆ. ನಾಲ್ಕು ದಿನ ಸರಿ ನಡೆದು ಸೋಮವಾರ ಮಾತ್ರ ಕೈಕೊಡುವ ಬಾಟ್ ಕಂಡರೆ ಮೊದಲು ಇದನ್ನೇ ನೋಡಿ. ಯಂತ್ರದ ಕಾಲವಲಯವನ್ನು ಏಷ್ಯಾ/ಕೋಲ್ಕತಾ ಮಾಡಿ, ಕ್ರಾನ್ ಸೇವೆಯನ್ನು ಮರುಪ್ರಾರಂಭಿಸಿ. ಮರುಪ್ರಾರಂಭಿಸದಿದ್ದರೆ ಕ್ರಾನ್ ಹಳೆಯ ವಲಯದಲ್ಲೇ ಮುಂದುವರಿಯುತ್ತದೆ. ಕ್ರಾನ್ ಬದಲು ಸಿಸ್ಟಮ್‌ಡಿ ಟೈಮರ್ ಬಳಸುವವರು ಪರ್ಸಿಸ್ಟೆಂಟ್ ಆಯ್ಕೆಯನ್ನು ಆರ್ಡರ್ ಹಾಕುವ ಕೆಲಸಕ್ಕೆ ಹಾಕಕೂಡದು. ಯಂತ್ರ 9:10ಕ್ಕೆ ಆಫ್ ಇದ್ದು ಮಧ್ಯಾಹ್ನ 12ಕ್ಕೆ ಎದ್ದರೆ, ತಪ್ಪಿಹೋದ 9:10ರ ಕೆಲಸವನ್ನು ಅದು ನಿಷ್ಠೆಯಿಂದ 12ಕ್ಕೆ ಮಾಡುತ್ತದೆ. ಬೆಳಗಿನ ಬ್ರೇಕ್‌ಔಟ್ (ಬೆಲೆಯ ದಿಢೀರ್ ಜಿಗಿತ) ಮಧ್ಯಾಹ್ನ ಖರೀದಿಯಾಗುತ್ತದೆ.

8:30ರ ಹೊತ್ತಿಗೆ ಇನ್‌ಸ್ಟ್ರುಮೆಂಟ್ ಪಟ್ಟಿ, ಅಂದರೆ ಕೊಂಡು ಮಾರಬಹುದಾದ ಷೇರು, ಕಾಂಟ್ರಾಕ್ಟ್‌ಗಳ ಪಟ್ಟಿ, ಇಳಿಸಿಕೊಳ್ಳಬೇಕು. ದಿನಕ್ಕೊಮ್ಮೆ ತಯಾರಾಗುವ ಈ ಸಿಎಸ್‌ವಿ ಫೈಲ್ ಕೈಟ್ ಕನೆಕ್ಟ್‌ನ ಅತ್ಯಂತ ಬೆಲೆಯುಳ್ಳ ಭಾಗ ಎಂದು ಧಾರಾಳವಾಗಿ ಹೇಳಬಹುದು. ಪ್ರತಿ ಕಾಂಟ್ರಾಕ್ಟ್‌ನ ಎಕ್ಸ್‌ಪೈರಿ (ಅವಧಿ ಮುಗಿಯುವ) ತಾರೀಕು, ಲಾಟ್ ಗಾತ್ರ (ಒಮ್ಮೆಗೆ ಕೊಳ್ಳಬೇಕಾದ ಕನಿಷ್ಠ ಸಂಖ್ಯೆ), ಟೋಕನ್ ಸಂಖ್ಯೆ (ಲಾಗಿನ್‌ನದ್ದಲ್ಲ, ಕಾಂಟ್ರಾಕ್ಟ್‌ನ ಗುರುತು) ಎಲ್ಲ ಇದರಲ್ಲಿದೆ. ಆದರೂ ಜನ ಸಿಂಬಲ್ ಅನ್ನು (ಕಾಂಟ್ರಾಕ್ಟ್‌ನ ಸಂಕೇತನಾಮ) ತಾವೇ ಕಟ್ಟುತ್ತಾರೆ, ಎಕ್ಸ್‌ಪೈರಿಯನ್ನು ತಾವೇ ಎಣಿಸುತ್ತಾರೆ. ವಾರದ ಆಪ್ಷನ್ (ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ಕಾಂಟ್ರಾಕ್ಟ್) ಸಿಂಬಲ್‌ನಲ್ಲಿ ತಿಂಗಳಿಗೆ ಒಂದೇ ಅಕ್ಷರದ ಜಾಗ. ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9, ಅಕ್ಟೋಬರ್‌ಗೆ 10 ಅಲ್ಲ, ಇಂಗ್ಲಿಷಿನ 'ಓ'. ನವೆಂಬರ್, ಡಿಸೆಂಬರ್‌ಗಳಿಗೆ 'ಎನ್', 'ಡಿ'. ಒಂಬತ್ತು ತಿಂಗಳು ಚೆನ್ನಾಗಿ ಓಡಿದ ಕೋಡ್ ಅಕ್ಟೋಬರ್ ಮೊದಲ ವಾರ ಸಿಂಬಲ್ ಸಿಗಲಿಲ್ಲ ಎಂದು ಕುಸಿಯುವುದು ಇದಕ್ಕೇ. ತಿಂಗಳ ಕೊನೆಯ ಎಕ್ಸ್‌ಪೈರಿಗೆ ತಾರೀಕೂ ಇಲ್ಲ, ತಿಂಗಳ ಹೆಸರಿನ ಮೂರಕ್ಷರ ಮಾತ್ರ. ಇನ್ನೊಂದು ಎಚ್ಚರ: ಎಕ್ಸ್‌ಪೈರಿ ಮುಗಿದ ಕಾಂಟ್ರಾಕ್ಟ್‌ನ ಟೋಕನ್ ಸಂಖ್ಯೆ ಮುಂದೆ ಬೇರೆ ಕಾಂಟ್ರಾಕ್ಟ್‌ಗೆ ಬರಬಹುದು. ನಿನ್ನೆಯ ಪಟ್ಟಿ ಇಟ್ಟುಕೊಂಡು ಇಂದು ಟಿಕ್‌ಗೆ ಚಂದಾದಾರರಾದರೆ ಯಾವುದೋ ಸ್ಟ್ರೈಕ್‌ನ, ಅಂದರೆ ಬೇರೆ ನಿಗದಿತ ಬೆಲೆಯ ಆಪ್ಷನ್‌ನ, ದರ ನಿಮ್ಮ ಸ್ಟ್ರೈಕ್ ಎಂದು ಬಂದು ಕೂರುತ್ತದೆ.

ಎಕ್ಸ್‌ಪೈರಿಯನ್ನು ಎಣಿಸಬಾರದು ಎಂಬುದಕ್ಕೆ 2023ರ ಜೂನ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಬಕ್ರೀದ್ ರಜೆ ಜೂನ್ 28, ಬುಧವಾರ ಎಂದಿತ್ತು. ಕೊನೆ ಗಳಿಗೆಯಲ್ಲಿ ಅದು 29ಕ್ಕೆ ಸರಿಯಿತು. 29 ಗುರುವಾರ, ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ ಎನ್‌ಎಸ್‌ಇಯ ಸೂಚ್ಯಂಕ ನಿಫ್ಟಿಯ ಮಾಸಿಕ ಎಕ್ಸ್‌ಪೈರಿ. ರಜೆಯ ದಿನ ಎಕ್ಸ್‌ಪೈರಿ ಇರುವಂತಿಲ್ಲ, ಹಿಂದಿನ ವಹಿವಾಟಿನ ದಿನಕ್ಕೆ ಬರಬೇಕು, ಹಾಗಾಗಿ 28ಕ್ಕೇ ಮುಗಿಯಿತು. ಸಿಂಬಲ್ ಬದಲಾಗಲಿಲ್ಲ, ತಾರೀಕು ಮಾತ್ರ ಬದಲಾಯಿತು. 'ತಿಂಗಳ ಕೊನೆಯ ಗುರುವಾರ' ಎಂದು ಲೆಕ್ಕ ಹಾಕುವ ಬಾಟ್‌ಗೆ ಬುಧವಾರ ಬೆಳಿಗ್ಗೆ ಇನ್ನೂ ಒಂದು ದಿನ ಬಾಕಿಯಿದೆ ಎಂಬ ಭ್ರಮೆ. ಅದು ಮಾರಿದ ಆಪ್ಷನ್‌ನ ಬೆಲೆ ಅಂದೇ ಸಂಜೆಯೊಳಗೆ ಸೊನ್ನೆಯೋ ನೂರಾರೋ ಆಗಿ ಮುಗಿದಿರುತ್ತದೆ. ಆಮೇಲೆ 2025ರ ಸೆಪ್ಟೆಂಬರ್‌ನಲ್ಲಿ ನಿಫ್ಟಿಗೆ ಗುರುವಾರವೇ ಕೈತಪ್ಪಿತು: ನಿಫ್ಟಿ ಮಂಗಳವಾರಕ್ಕೆ, ಸೆನ್ಸೆಕ್ಸ್ ಗುರುವಾರಕ್ಕೆ. ಬ್ಯಾಂಕ್ ನಿಫ್ಟಿಯ ವಾರದ ಕಾಂಟ್ರಾಕ್ಟ್ 2024ರ ನವೆಂಬರ್‌ನಲ್ಲೇ ನಿಂತಿತ್ತು. ಬ್ಯಾಕ್‌ಟೆಸ್ಟ್ (ಹಳೆಯ ದರಗಳ ಮೇಲೆ ಸ್ಟ್ರಾಟಜಿಯ ಪರೀಕ್ಷೆ) ಮಾಡುವಾಗ 2024ರ ನವೆಂಬರ್‌ಗೆ ಮುಂಚೆ, 2025ರ ಸೆಪ್ಟೆಂಬರ್‌ವರೆಗೆ, ಆಮೇಲೆ ಎಂಬ ಈ ಮೂರು ಕಾಲಗಳನ್ನು ಬೇರೆಬೇರೆಯಾಗಿ ಓಡಿಸದಿದ್ದರೆ, ಎಕ್ಸ್‌ಪೈರಿ ದಿನದ ಸ್ಟ್ರಾಟಜಿಯ ಹಳೆಯ ಲಾಭದ ಅಂಕಿಗೆ ಅರ್ಥವೇ ಇಲ್ಲ.

ಇಲ್ಲಿಯವರೆಗೆ ಕೈಟ್ ಕನೆಕ್ಟ್ ಪಾಸಾಗಿದೆ. ದೊಡ್ಡ ಕೊರತೆ ಮುಂದಿದೆ: ಇವತ್ತು ಮಾರುಕಟ್ಟೆ ಇದೆಯೇ, ಎಷ್ಟರಿಂದ ಎಷ್ಟರವರೆಗೆ, ಈ ಕ್ಷಣ ಯಾವ ಸೆಷನ್ ಎಂದು ಕೇಳಲು ಇದರಲ್ಲಿ ಒಂದು ಕರೆಯೂ ಇಲ್ಲ. ಪ್ರತಿಸ್ಪರ್ಧಿ ಅಪ್‌ಸ್ಟಾಕ್ಸ್ ತನ್ನ ಎಪಿಐನಲ್ಲಿ ರಜೆಯ ಪಟ್ಟಿ, ತಾರೀಕು ಕೊಟ್ಟರೆ ಆ ದಿನದ ವೇಳೆ, ಎಕ್ಸ್‌ಚೇಂಜ್‌ನ ಸದ್ಯದ ಸ್ಥಿತಿ ಮೂರನ್ನೂ ಕೊಡುತ್ತದೆ. ಉಳಿದ ಎಲ್ಲದರಲ್ಲೂ ಇಷ್ಟು ಅಚ್ಚುಕಟ್ಟಾದ ಝೆರೋಧಾ ಇದನ್ನು ಬಳಕೆದಾರರ ತಲೆಗೆ ಕಟ್ಟಿರುವುದು ಸರಿಯಲ್ಲ. ಇದೊಂದು ಸಣ್ಣ ಸೌಕರ್ಯ ಎಂದು ತಳ್ಳಿಹಾಕುವವರು ಕೆಲವು ದಿನಗಳನ್ನು ನೆನಪಿಸಿಕೊಳ್ಳಲಿ.

2024ರ ಜನವರಿ 22, ಸೋಮವಾರ, ಅಯೋಧ್ಯೆಯ ಪ್ರಾಣಪ್ರತಿಷ್ಠೆ. ಮಹಾರಾಷ್ಟ್ರ ಸರ್ಕಾರ ರಜೆ ಘೋಷಿಸಿತು. ಶುಕ್ರವಾರ ಸಂಜೆಯ ಹೊತ್ತಿಗೆ ಎಕ್ಸ್‌ಚೇಂಜ್‌ಗಳ ನಿರ್ಧಾರ ಬದಲಾಗಿ, ಸೋಮವಾರ ಮುಚ್ಚಿ ಶನಿವಾರ 20ರಂದು ಪೂರ್ತಿ ದಿನದ ವಹಿವಾಟು ನಡೆಯಿತು. ವಾರದ ಅಂಕಣದಲ್ಲಿ 1-5 ಇದ್ದ ಬಾಟ್‌ಗಳು ಶನಿವಾರ ಮಲಗಿದವು, ತೆರೆದ ಪೊಸಿಷನ್‌ಗಳು (ಕೊಂಡು ಮಾರದ ಅಥವಾ ಮಾರಿ ಕೊಳ್ಳದ ವ್ಯವಹಾರಗಳು) ಯಾರ ಕಾವಲೂ ಇಲ್ಲದೆ ಓಡಿದವು. ಅದೇ ವರ್ಷ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಲ್ಲಿ ಡಿಸಾಸ್ಟರ್ ರಿಕವರಿ ತಾಣಕ್ಕೆ (ಆಪತ್ತಿಗೆಂದು ಇಟ್ಟ ಬದಲಿ ಕಂಪ್ಯೂಟರ್ ಕೇಂದ್ರ) ಬದಲಾಯಿಸಿ ಪರೀಕ್ಷಿಸುವ ವಿಶೇಷ ಸೆಷನ್‌ಗಳು ನಡೆದವು. ಬೆಳಿಗ್ಗೆ ಮುಕ್ಕಾಲು ಗಂಟೆ, ನಡುವೆ ಬಿಡುವು, ಮತ್ತೆ ಸುಮಾರು ಒಂದು ಗಂಟೆ. ಒಂದೇ ದಿನದಲ್ಲಿ ಎರಡು ಸಲ ತೆರೆಯುವ ಮಾರುಕಟ್ಟೆಯನ್ನು ಹೆಚ್ಚಿನ ಕೋಡ್ ಊಹಿಸಿಯೇ ಇರುವುದಿಲ್ಲ. ಬಜೆಟ್ ನಿಮಿತ್ತ 2025ರ ಫೆಬ್ರವರಿ 1ರ ಶನಿವಾರ, 2026ರ ಫೆಬ್ರವರಿ 1ರ ಭಾನುವಾರ ತೆರೆದಿತ್ತು. ದೀಪಾವಳಿಯ ಮುಹೂರ್ತ ವಹಿವಾಟು ಸಂಜೆ ಎಂದೇ ಎಲ್ಲರ ಲೆಕ್ಕ. 2024ರ ನವೆಂಬರ್ 1ರಂದು ಸಂಜೆ 6ರಿಂದ 7. ಆದರೆ 2025ರ ಅಕ್ಟೋಬರ್ 21ರಂದು ಮಧ್ಯಾಹ್ನ 1:45ರಿಂದ 2:45. ಸಂಜೆಗೆ ಅಲಾರ್ಮ್ ಇಟ್ಟಿದ್ದವರು ಲಕ್ಷ್ಮೀಪೂಜೆ ಮಾಡಿ ಮಲಗಬಹುದಿತ್ತು.

ಬೆಂಗಳೂರಿನ ಕ್ಯಾಲೆಂಡರ್ ಗೋಡೆಗೆ ಹಾಕಿಕೊಂಡಿರುವ ಮುಂಬಯಿ ಕನ್ನಡಿಗರಿಗೆ ಒಂದು ಮಾತು: ರಾಜ್ಯೋತ್ಸವ ಎಂಬ ಕಾರಣಕ್ಕೆ ದಲಾಲ್ ಸ್ಟ್ರೀಟ್ ಮುಚ್ಚುವುದಿಲ್ಲ, ಮೇ 1 ಮಹಾರಾಷ್ಟ್ರ ದಿನಕ್ಕೆ ಮುಚ್ಚುತ್ತದೆ. 2024ರಲ್ಲಿ ಮುಂಬಯಿಯ ಮತದಾನದ ದಿನಗಳಾದ ಮೇ 20 ಮತ್ತು ನವೆಂಬರ್ 20 ಎರಡೂ ರಜೆ. ಮತದಾನದ ತಾರೀಕು ವರ್ಷದ ಆರಂಭದ ಪಟ್ಟಿಯಲ್ಲಿ ಇರಲು ಸಾಧ್ಯವೇ ಇಲ್ಲ. ಇನ್ನು ಫೆಬ್ರವರಿ 19ರ ಶಿವಾಜಿ ಜಯಂತಿಯಂಥ ದಿನಗಳಲ್ಲಿ ಬ್ಯಾಂಕು ಮುಚ್ಚಿ ವಹಿವಾಟು ನಡೆಯುತ್ತದೆ, ಸೆಟ್ಲ್‌ಮೆಂಟ್ (ಹಣ, ಷೇರು ಕೈಬದಲಾಗುವುದು) ಇರುವುದಿಲ್ಲ. 2023ರ ಜನವರಿ ಕೊನೆಯಿಂದ ಎಲ್ಲ ಷೇರುಗಳೂ ಟಿ+1 (ವಹಿವಾಟಿನ ಮಾರನೆಯ ಕೆಲಸದ ದಿನವೇ ಸೆಟ್ಲ್‌ಮೆಂಟ್) ಆಗಿರುವುದರಿಂದ, ನಿನ್ನೆ ಮಾರಿದ ಹಣ ಇಂದು ಕೈಗೆ ಬರುತ್ತದೆ ಎಂದು ನಂಬಿದ ಬಾಟ್‌ಗೆ ಆ ದಿನ ಮಾರ್ಜಿನ್ (ಆರ್ಡರ್‌ಗೆ ಖಾತೆಯಲ್ಲಿರಬೇಕಾದ ಹಣ) ಸಾಲದೆ ಆರ್ಡರ್ ತಿರಸ್ಕೃತವಾಗಬಹುದು.

ಕೊರತೆ ತುಂಬುವ ದಾರಿ ಕಷ್ಟದ್ದೇನಲ್ಲ. ಒಂದು ಸಣ್ಣ ಫೈಲ್ ಸಾಕು: ತಾರೀಕು, ವಿಭಾಗ, ಸೆಷನ್ ಸಂಖ್ಯೆ, ತೆರೆಯುವ ಹೊತ್ತು, ಮುಚ್ಚುವ ಹೊತ್ತು, ಸೆಟ್ಲ್‌ಮೆಂಟ್ ಇದೆಯೋ ಇಲ್ಲವೋ. ಕ್ರಾನ್ ವಾರದ ಏಳೂ ದಿನ 8:30ಕ್ಕೆ ಬಾಟ್ ಎಬ್ಬಿಸಲಿ, ಕೆಲಸ ಇದೆಯೋ ಇಲ್ಲವೋ ಎಂದು ಫೈಲ್ ಹೇಳಲಿ. ಕೋಡ್‌ನಲ್ಲಿ ಎಲ್ಲೂ 15:20 ಎಂದು ಬರೆಯದೆ 'ಮುಚ್ಚುವುದಕ್ಕೆ 10 ನಿಮಿಷ ಮುಂಚೆ' ಎಂದು ಬರೆಯಿರಿ. ಶುಕ್ರವಾರ ಸಂಜೆ ಮತ್ತು ಹಬ್ಬದ ಹಿಂದಿನ ದಿನ ಎಕ್ಸ್‌ಚೇಂಜ್‌ನ ಸುತ್ತೋಲೆಗಳನ್ನು ಕಣ್ಣಾರೆ ನೋಡಿ ಫೈಲ್ ತಿದ್ದಬೇಕು, ಇದನ್ನು ಯಂತ್ರಕ್ಕೆ ಬಿಡುವಂತಿಲ್ಲ. ಪೈಥಾನ್‌ನ ಸಿದ್ಧ ಕ್ಯಾಲೆಂಡರ್ ಲೈಬ್ರರಿಗಳು ಬ್ಯಾಕ್‌ಟೆಸ್ಟ್‌ಗೆ ಒಳ್ಳೆಯವು. ಆದರೆ ಶುಕ್ರವಾರ ಸಂಜೆ ಘೋಷಣೆಯಾದ ಶನಿವಾರ ಅವುಗಳ ಪಟ್ಟಿಗೆ ಸೇರುವ ಹೊತ್ತಿಗೆ ಆ ಶನಿವಾರ ಕಳೆದುಹೋಗಿರುತ್ತದೆ.

ಈಗ ದಿನದ ಒಳಗಿನ ಹೊತ್ತು. 9:00ರಿಂದ 9:15 ಷೇರುಗಳ ಪ್ರೀ-ಓಪನ್, ಅಂದರೆ ಆರಂಭದ ಬೆಲೆ ನಿಗದಿಯಾಗುವ ಹೊತ್ತು. 9:08ರೊಳಗೆ ಆರ್ಡರ್ ಹಾಕಬೇಕು, ಕೊನೆಯ ನಿಮಿಷದಲ್ಲಿ ಯಾವ ಕ್ಷಣ ಬಾಗಿಲು ಮುಚ್ಚುತ್ತದೆಂದು ಗೊತ್ತಾಗದಂತೆ ಮಾಡಿದ್ದಾರೆ. ಹಾಗಾಗಿ 9:07ರ ನಂತರ ಬಾಟ್ ಆರ್ಡರ್ ಹಾಕುವುದು ಜೂಜು. 9:12ರವರೆಗೆ ಹೊಂದಾಣಿಕೆ, ಆಮೇಲೆ ಮೂರು ನಿಮಿಷ ಬಿಡುವು. ಈ ಅವಧಿಯಲ್ಲೂ ವೆಬ್‌ಸಾಕೆಟ್‌ನಲ್ಲಿ (ಬೆಲೆ ಹರಿದುಬರುವ ನಿರಂತರ ಸಂಪರ್ಕ) ಟಿಕ್ ಬರುತ್ತದೆ, ಅದನ್ನೇ ನಿಜ ವಹಿವಾಟು ಎಂದುಕೊಂಡರೆ ಮೊದಲ ಕ್ಯಾಂಡಲ್‌ನ ಹೈ, ಲೋ ಎರಡೂ ಕೆಡುತ್ತವೆ. ಪೂರ್ತಿ ವಿವರ ಕೊಡುವ ಫುಲ್ ಮೋಡ್‌ನ 184 ಬೈಟ್ ಪ್ಯಾಕೆಟ್‌ನಲ್ಲಿ ಎಕ್ಸ್‌ಚೇಂಜ್‌ನ ಸಮಯವೂ ಕೊನೆಯ ವಹಿವಾಟಿನ ಸಮಯವೂ ಇವೆ. ಕ್ಯಾಂಡಲ್ ಕಟ್ಟುವಾಗ ಅವನ್ನೇ ಬಳಸಿ, ನಿಮ್ಮ ಯಂತ್ರಕ್ಕೆ ಟಿಕ್ ತಲುಪಿದ ಸಮಯವನ್ನಲ್ಲ. 500 ರೂಪಾಯಿಗೆ ಸಿಗುವುದರಲ್ಲಿ ಇದು ನಿಜಕ್ಕೂ ಗಟ್ಟಿ ಸರಕು.

ಹಳೆಯ ಕ್ಯಾಂಡಲ್ ಕೊಡುವ ಹಿಸ್ಟಾರಿಕಲ್ ಎಪಿಐ ಮೇಲೆ ಲೈವ್ ಸ್ಟ್ರಾಟಜಿ ನಡೆಸುವವರಿಗೆ ಲೆಕ್ಕವೊಂದಿದೆ. ಸೆಕೆಂಡಿಗೆ 3 ಕರೆಗಳ ಮಿತಿ. 50 ಷೇರುಗಳ ಐದು ನಿಮಿಷದ ಕ್ಯಾಂಡಲ್ ಕೇಳಲು ಸುಮಾರು 17 ಸೆಕೆಂಡ್. 9:20:00ಕ್ಕೆ ಶುರು ಮಾಡಿದರೆ ಕೊನೆಯ ಷೇರಿನ ಸಿಗ್ನಲ್ 9:20:17ಕ್ಕೆ, ಅಷ್ಟರಲ್ಲಿ ಬೆಲೆ ಓಡಿರುತ್ತದೆ. ಮೊದಲ ಒಂದೆರಡು ಷೇರುಗಳಿಗೆ ತದ್ವಿರುದ್ಧ ತೊಂದರೆ: ಕ್ಯಾಂಡಲ್ ಇನ್ನೂ ಪೂರ್ತಿಯಾಗಿರುವುದಿಲ್ಲ. ಒಂದು ವೆಬ್‌ಸಾಕೆಟ್‌ನಲ್ಲಿ 3000 ಇನ್‌ಸ್ಟ್ರುಮೆಂಟ್‌ಗೆ ಅವಕಾಶವಿರುವಾಗ ಕ್ಯಾಂಡಲ್ ಅನ್ನು ಟಿಕ್‌ನಿಂದಲೇ ಕಟ್ಟಿಕೊಳ್ಳುವುದು ಜಾಣತನ. ಆರ್ಡರ್‌ಗೂ ಸೆಕೆಂಡಿಗೆ 10ರ ಮಿತಿ. ಸೆಬಿಯ ಹೊಸ ವ್ಯವಸ್ಥೆಯಲ್ಲೂ ಅಷ್ಟನ್ನು ಮೀರಿದರೆ ಅಲ್ಗೋ (ಸ್ವಯಂಚಾಲಿತ ವಹಿವಾಟಿನ ಸೂತ್ರ) ನೋಂದಣಿ ಬೇಕು. 25 ಆರ್ಡರ್‌ಗಳ ಬುಟ್ಟಿ 9:15:00ಕ್ಕೆ ಎಸೆದರೆ ಕೊನೆಯದು ಮೂರನೇ ಸೆಕೆಂಡಿನಲ್ಲಿ ಹೋಗುತ್ತದೆ. ದಿನದ ಅತಿ ಒರಟು ಮೂರು ಸೆಕೆಂಡ್ ಅವೇ.

ಮಾರುಕಟ್ಟೆ ನಡುವೆ ನಿಂತಾಗ ಏನಾಗುತ್ತದೆ? 2021ರ ಫೆಬ್ರವರಿ 24ರಂದು ಎನ್‌ಎಸ್‌ಇ ಬೆಳಿಗ್ಗೆ 11:40ಕ್ಕೆ ನಿಂತಿತು. ಮತ್ತೆ ತೆರೆದದ್ದು 3:45ಕ್ಕೆ, ಮುಚ್ಚಿದ್ದು ಸಂಜೆ 5ಕ್ಕೆ. 15:20 ಎಂದು ಬರೆದಿಟ್ಟ ಬಾಟ್‌ನ ದಿನಚರಿ ಹೀಗಿರುತ್ತದೆ: 3:20ಕ್ಕೆ ಎಕ್ಸಿಟ್ (ಪೊಸಿಷನ್ ಮುಗಿಸುವ) ಆರ್ಡರ್ ಕಳಿಸುತ್ತದೆ, ತಿರಸ್ಕೃತವಾಗುತ್ತದೆ. ಮೂರು ಸಲ ಮರುಪ್ರಯತ್ನಿಸುತ್ತದೆ. 3:30ಕ್ಕೆ ದಿನ ಮುಗಿಯಿತೆಂದು ಬಾಗಿಲು ಹಾಕುತ್ತದೆ. ಕಾಲು ಗಂಟೆ ಕಳೆದು ಮಾರುಕಟ್ಟೆ ತೆರೆದುಕೊಳ್ಳುತ್ತದೆ, ಪೊಸಿಷನ್ ಅಲ್ಲೇ ಇದೆ, ನೋಡುವವರಿಲ್ಲ. 2020ರ ಮಾರ್ಚ್ 23ರಂಥ ಸರ್ಕ್ಯೂಟ್ ಬ್ರೇಕರ್ (ವಿಪರೀತ ಏರಿಳಿತಕ್ಕೆ ವಹಿವಾಟು ತಾನೇ ನಿಲ್ಲುವ ನಿಯಮ) ದಿನಗಳಲ್ಲಿ ನಿಲುಗಡೆಯ ಅವಧಿಯಾದರೂ ಮೊದಲೇ ಗೊತ್ತಿರುತ್ತದೆ: ಸೂಚ್ಯಂಕ 10 ಶೇಕಡಾ ಅಲುಗಿದ್ದು ಮಧ್ಯಾಹ್ನ 1ರೊಳಗಾದರೆ 45 ನಿಮಿಷ, 1ರಿಂದ 2:30ರ ನಡುವೆ 15 ನಿಮಿಷ, ಆಮೇಲೆ ನಿಲುಗಡೆಯಿಲ್ಲ. ನಿಲುಗಡೆ ಮುಗಿದ ಮೇಲೆ ಮತ್ತೆ ಪ್ರೀ-ಓಪನ್ ಬರುತ್ತದೆ, ಅದನ್ನು ಮರೆಯಬಾರದು.

ನಿಂತಿರುವುದು ಮಾರುಕಟ್ಟೆಯೋ ನಿಮ್ಮ ಸಂಪರ್ಕವೋ ಎಂದು ತಿಳಿಯಲು ಕೈಟ್ ಕನೆಕ್ಟ್ ಒಂದು ಸುಳಿವು ಕೊಡುತ್ತದೆ. ಟಿಕ್ ಇಲ್ಲದಿದ್ದರೂ ವೆಬ್‌ಸಾಕೆಟ್‌ನಲ್ಲಿ ಒಂದು ಬೈಟ್‌ನ ಹಾರ್ಟ್‌ಬೀಟ್ (ಸಂಪರ್ಕ ಜೀವಂತವಿದೆ ಎಂಬ ಸಂಕೇತ) ಬರುತ್ತಲೇ ಇರುತ್ತದೆ. ಹಾರ್ಟ್‌ಬೀಟ್ ಇದ್ದು ನಿಫ್ಟಿ ಸೂಚ್ಯಂಕದ ಟಿಕ್ ಒಂದು ನಿಮಿಷ ಬಾರದಿದ್ದರೆ ಎಕ್ಸ್‌ಚೇಂಜ್ ಕಡೆ ಏನೋ ಆಗಿದೆ: ಹೊಸ ಆರ್ಡರ್ ನಿಲ್ಲಿಸಿ, ಕ್ಯಾಲೆಂಡರ್ ಫೈಲ್ ಅನ್ನು ಐದೈದು ನಿಮಿಷಕ್ಕೆ ಮತ್ತೆ ಓದಿಸಿ, ತೆರೆದ ಮೇಲೆ ಆರ್ಡರ್ ಪುಸ್ತಕ ಮತ್ತು ಪೊಸಿಷನ್ ಎರಡನ್ನೂ ಹೊಸದಾಗಿ ತರಿಸಿ. ಹಾರ್ಟ್‌ಬೀಟೂ ಇಲ್ಲವಾದರೆ ತೊಂದರೆ ನಿಮ್ಮ ಕಡೆಯದು, ಮರುಸಂಪರ್ಕ ಮಾಡಿ.

ಸಂಜೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಂಐಎಸ್ (ಅದೇ ದಿನ ಮುಗಿಸಬೇಕಾದ) ಪೊಸಿಷನ್ ಅನ್ನು ಬ್ರೋಕರ್ ತಾನೇ ಮುಚ್ಚಿದರೆ ಆರ್ಡರ್‌ಗೆ 50 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕಿಂತ ಕೆಟ್ಟದ್ದು, ಬ್ರೋಕರ್ ಮುಚ್ಚಿದ ಮೇಲೆ ಬಾಟ್ ತನ್ನ ಎಕ್ಸಿಟ್ ಹಾಕಿದರೆ ಅದು ಹೊಸ ಪೊಸಿಷನ್ ಆಗುತ್ತದೆ. ಎಂಐಎಸ್‌ಗೆ ಮುಚ್ಚುವ ಮುಂಚಿನ 10 ನಿಮಿಷ ಸಾಲದು, ಮಾಮೂಲಿ ದಿನ 3:10ರೊಳಗೆ ಮುಗಿಸಿ, ಎಕ್ಸಿಟ್ ಹಾಕುವ ಮುಂಚೆ ಪೊಸಿಷನ್ ಓದಿ. ಹಳೆಯ ದಿನಗಳ ಮುಕ್ತಾಯ ದರ ಎಂದು ಎನ್‌ಎಸ್‌ಇ ಪ್ರಕಟಿಸಿರುವುದು ಕೊನೆಯ ಅರ್ಧ ಗಂಟೆಯ ತೂಕದ ಸರಾಸರಿ. 3:29ರ ಕ್ಯಾಂಡಲ್‌ನ ಬೆಲೆಯ ಜೊತೆ ಅದು ತಾಳೆಯಾಗಲಿಲ್ಲ ಎಂದು ಝೆರೋಧಾಕ್ಕೆ ದೂರು ಬರೆಯಬೇಡಿ.

ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ಮೇಲೆ ಬಾಟ್ ಓಡಿಸುವವರಿಗೆ ಕ್ಯಾಲೆಂಡರ್ ಕೊರತೆ ಎರಡು ಪಟ್ಟು ಕಾಡುತ್ತದೆ. ಚಿನ್ನ, ಬೆಳ್ಳಿ, ಕಚ್ಚಾತೈಲದ ವಹಿವಾಟು ಬೆಳಿಗ್ಗೆ 9ಕ್ಕೆ ತೆರೆದು ರಾತ್ರಿ 11:30ಕ್ಕೋ 11:55ಕ್ಕೋ ಮುಚ್ಚುತ್ತದೆ. ಯಾವುದೆಂದು ತೀರ್ಮಾನಿಸುವುದು ಅಮೆರಿಕದ ಗಡಿಯಾರ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಮುಂದೆ ಹೋದರೆ ಇಲ್ಲಿ 11:30, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬಂದರೆ 11:55. ಚಳಿಗಾಲದಲ್ಲಿ 23:45ಕ್ಕೆ ಎಕ್ಸಿಟ್ ಇಟ್ಟುಕೊಂಡ ಬಾಟ್ ಮಾರ್ಚ್ ಬಂದಾಗ ಮುಚ್ಚಿದ ಬಾಗಿಲು ತಟ್ಟುತ್ತದೆ, ಎನ್‌ಆರ್‌ಎಂಎಲ್ (ಅಂದೇ ಮುಗಿಸಬೇಕಿಲ್ಲದ) ಪೊಸಿಷನ್ ರಾತ್ರಿಯಿಡೀ ಉಳಿಯುತ್ತದೆ. ಜೊತೆಗೆ ಅನೇಕ ಹಬ್ಬಗಳಂದು ಬೆಳಗಿನ ಸೆಷನ್ ರಜೆ, ಸಂಜೆ 5ರಿಂದ ವಹಿವಾಟು. ಎನ್‌ಎಸ್‌ಇಯ ರಜೆ ಪಟ್ಟಿಯನ್ನೇ ಇದಕ್ಕೂ ಬಳಸಿದರೆ ಆ ಸಂಜೆಗಳು ಪೂರ್ತಿ ಕೈತಪ್ಪುತ್ತವೆ. ಟೋಕನ್ ಬೆಳಗಿನವರೆಗೆ ಬದುಕಿರುವುದರಿಂದ ರಾತ್ರಿ ಮತ್ತೆ ಲಾಗಿನ್ ಆಗುವ ತಾಪತ್ರಯವಿಲ್ಲ, ಅಷ್ಟೇ ಸಮಾಧಾನ.

ಅಂಕ ಕೊಡುವುದಾದರೆ ಟಿಕ್ ಮತ್ತು ಇನ್‌ಸ್ಟ್ರುಮೆಂಟ್ ಪಟ್ಟಿಗೆ ಐದಕ್ಕೆ ನಾಲ್ಕೂವರೆ, ವೇಳಾಪಟ್ಟಿಗೆ ಎರಡು. ಎನ್‌ಎಸ್‌ಇಯಲ್ಲಿ ಮಾತ್ರ, ಹಗಲಲ್ಲಿ ಮಾತ್ರ ವ್ಯವಹರಿಸುವವರು ಮೇಲಿನ ಫೈಲ್ ಮಾಡಿಕೊಂಡು ನಿಶ್ಚಿಂತೆಯಿಂದ ತೆಗೆದುಕೊಳ್ಳಬಹುದು. ಎಂಸಿಎಕ್ಸ್ ಸೇರಿ ಎರಡು ಮೂರು ವಿಭಾಗಗಳಲ್ಲಿ ಬಾಟ್ ಇಡುವವರು ಆರ್ಡರ್ ಇಲ್ಲೇ ಹಾಕಿ, ವೇಳಾಪಟ್ಟಿಯನ್ನು ಮಾತ್ರ ಅದನ್ನು ಕೊಡುವ ಇನ್ನೊಂದು ಎಪಿಐಯಿಂದ ದಿನಾ 8:30ಕ್ಕೆ ತರಿಸಿ, ತಮ್ಮ ಫೈಲ್ ಜೊತೆ ತಾಳೆ ನೋಡುವುದು ಒಳ್ಳೆಯದು. ಎರಡೂ ಬೇರೆ ಹೇಳಿದರೆ ಅಂದು ಬಾಟ್ ಶುರುವಾಗದಂತೆ ತಡೆದು, ಎಕ್ಸ್‌ಚೇಂಜ್‌ನ ಸುತ್ತೋಲೆ ತೆರೆದು ನೋಡಿ.